ಮಕ್ಕಳ ರಕ್ತದ ಲೆಕ್ಕ
(ಕಾರ್ಮಿಕರ ಮತ್ತು ವರ್ತಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನನ್ನ ಕಸುಬಿಗೆ ಡೇಟಾ ಸೈಂಟಿಸ್ಟ್ ಎಂಬ ದೊಡ್ಡ ಹೆಸರಿದೆ. ನಿಮ್ಮ ಮಾತಿನಲ್ಲಿ ಹೇಳುವುದಾದರೆ ನಾನೊಬ್ಬ ಲೆಕ್ಕದ ಗುಮಾಸ್ತ. ನಾನು ನೋಡುವ ಖಾತೆ ಮಾತ್ರ ಮಕ್ಕಳ ರಕ್ತದ್ದು.

ರೋಗಾಣುಗಳನ್ನು ತಡೆಯಲು ನಮ್ಮ ಮೈಯಲ್ಲಿ ಕಾವಲು ಪಡೆಯೊಂದಿದೆಯಷ್ಟೆ. ಕೆಲವು ಮಕ್ಕಳಲ್ಲಿ ಆ ಕಾವಲಿನವರೇ ಮನೆಯವರ ಮೇಲೆ ತಿರುಗಿ ಬೀಳುತ್ತಾರೆ. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಅವರು ಹಾಳುಗೆಡವಿದರೆ ಅದೇ ಒಂದನೆಯ ಬಗೆಯ ಸಕ್ಕರೆ ಕಾಯಿಲೆ. ಇದು ಸಿಹಿ ತಿಂದು ಬರುವುದಲ್ಲ. ಬಂದ ಮಗುವಿಗೆ ಜೀವಮಾನವಿಡೀ ಇನ್ಸುಲಿನ್ ಬೇಕು.

ಏಕೆ ಹೀಗಾಗುತ್ತದೆ? ಇದನ್ನು ತಿಳಿಯಲು ಅಮೆರಿಕ, ಫಿನ್‌ಲೆಂಡ್, ಸ್ವೀಡನ್, ಜರ್ಮನಿಗಳಲ್ಲಿ ‘ಟೆಡ್ಡಿ’ ಎಂಬ ಅಧ್ಯಯನ ಹೂಡಿದರು. 2004ರಿಂದ 2010ರವರೆಗೆ 4 ಲಕ್ಷಕ್ಕೂ ಹೆಚ್ಚು ಎಳೆಗೂಸುಗಳ ರಕ್ತ ನೋಡಿ, ಹುಟ್ಟಿನಿಂದಲೇ ಅಪಾಯ ಹೆಚ್ಚಿದ್ದ 8,676 ಮಕ್ಕಳನ್ನು ಸೇರಿಸಿಕೊಂಡರು. ನಾಲ್ಕು ವರ್ಷ ತುಂಬುವವರೆಗೆ ಮೂರು ತಿಂಗಳಿಗೊಮ್ಮೆ ರಕ್ತ. 15 ವರ್ಷದವರೆಗೆ ನಿಗಾ. ಮಗು ಏನು ತಿಂದಿತು, ಯಾವ ಜ್ವರ ಬಂತು, ಎಲ್ಲವನ್ನೂ ತಂದೆತಾಯಿಗಳು ಬರೆದಿಟ್ಟರು. ಇವನ್ನೆಲ್ಲ ತಾಳೆ ನೋಡುವುದೇ ನನ್ನಂಥವರ ಕೆಲಸ.

ಈ ಲೆಕ್ಕದಲ್ಲಿ ಒಂದು ಮೋಸದ ಜಾಗವಿದೆ. ಮಗು ಆ ತಿಂಗಳು ಬಾರದಿದ್ದರೆ ಕಲಂ ಖಾಲಿ ಉಳಿಯುತ್ತದೆ. ಖಾಲಿ ಎಂದರೆ ಸೊನ್ನೆಯಲ್ಲ. ಹಾಜರಿ ಪುಸ್ತಕದಲ್ಲಿ ಗುರುತಿಲ್ಲದವನು ಕಾಯಿಲೆ ಬಿದ್ದಿದ್ದನೋ, ಕೆಲಸ ಬಿಟ್ಟನೋ ಪುಸ್ತಕಕ್ಕೆ ಗೊತ್ತಿರುವುದಿಲ್ಲ. ಟೆಡ್ಡಿಯಲ್ಲಿ ಬೇಗ ಬಿಟ್ಟುಹೋದವರಲ್ಲಿ ಚಿಕ್ಕ ವಯಸ್ಸಿನ ತಾಯಂದಿರೂ ತಂದೆ ಕೈಜೋಡಿಸದ ಮನೆಗಳೂ ಹೆಚ್ಚು. ಉಳಿದವರನ್ನಷ್ಟೇ ಎಣಿಸಿ ‘ಎಲ್ಲ ಮಕ್ಕಳೂ ಹೀಗೆಯೇ’ ಎಂದು ಬರೆದರೆ ಅದು ಸುಳ್ಳು ಲೆಕ್ಕ.

ಇನ್ನೊಂದು ಸಂಗತಿ. ಎಳೆಗೂಸಿಗೆ ಹಸುವಿನ ಹಾಲಿನ ಪುಡಿ ಕೊಡುವುದರಿಂದಲೇ ಈ ರೋಗವೆಂದು ಬಹುಕಾಲ ಸಂಶಯವಿತ್ತು. ಎಷ್ಟು ತಾಯಂದಿರು ತಮ್ಮನ್ನೇ ಹಳಿದುಕೊಂಡಿರಬೇಕು! 15 ದೇಶಗಳಲ್ಲಿ 2,159 ಕೂಸುಗಳ ಮೇಲೆ ಪರೀಕ್ಷೆ ನಡೆಯಿತು. ಅರ್ಧದಷ್ಟು ಕೂಸುಗಳಿಗೆ ಮಾಮೂಲು ಪುಡಿ, ಉಳಿದವಕ್ಕೆ ಹಾಲಿನ ಪ್ರೋಟೀನನ್ನು ಚೂರುಮಾಡಿದ ಪುಡಿ. 2018ರಲ್ಲಿ ಫಲ ಹೊರಬಿತ್ತು: ಮಾಮೂಲು ಪುಡಿಯವರಲ್ಲಿ ನೂರಕ್ಕೆ 7.6, ವಿಶೇಷ ಪುಡಿಯವರಲ್ಲಿ 8.4 ಮಂದಿಗೆ ರೋಗ. ದುಬಾರಿ ಪುಡಿಯಿಂದ ಏನೂ ಪ್ರಯೋಜನವಾಗಲಿಲ್ಲ. ‘ಇಲ್ಲ’ ಎಂಬ ಉತ್ತರಕ್ಕೆ ಪತ್ರಿಕೆಗಳು ದೊಡ್ಡ ತಲೆಬರಹ ಕೊಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದು ಔಷಧದಷ್ಟೇ ಬೆಲೆಯುಳ್ಳದ್ದು.

ಔಷಧದ ಬೆಲೆಯನ್ನೂ ಹೇಳಿಬಿಡುತ್ತೇನೆ. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಅವರು 1923ರಲ್ಲಿ ಅದರ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಈ ರೋಗವನ್ನು ಸುಮಾರು ಎರಡು ವರ್ಷ ಮುಂದೂಡುವ ಟೆಪ್ಲಿಜುಮಾಬ್ ಎಂಬ ಔಷಧಕ್ಕೆ ಅಮೆರಿಕ 2022ರಲ್ಲಿ ಒಪ್ಪಿಗೆ ಕೊಟ್ಟಾಗ, 14 ದಿನದ ಚಿಕಿತ್ಸೆಗೆ ಕಂಪನಿ ಕಟ್ಟಿದ ಬೆಲೆ 1,93,900 ಡಾಲರು! ಮಕ್ಕಳು ರಕ್ತ ಕೊಟ್ಟು ಬೆಳೆಸಿದ ವಿದ್ಯೆಯಿದು.

ಟೆಡ್ಡಿಯ ಮಕ್ಕಳಿಗೆ ರೋಗ ಬಂದಾಗ ಪ್ರಾಣಾಪಾಯದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದವರು ಬೇರೆ ಮಕ್ಕಳಿಗಿಂತ ಕಡಿಮೆ. ನಿಗಾ ಇದ್ದುದೇ ಕಾರಣ. ಆ ನಾಲ್ಕು ದೇಶಗಳಲ್ಲಿ ನಮ್ಮ ದೇಶವಿಲ್ಲ. ನಮ್ಮ ಮಕ್ಕಳಿಗೆ ನಿಗಾ ನಾವೇ. ಮಗು ಬಿಟ್ಟೂಬಿಡದೆ ನೀರು ಕೇಳಿದರೆ, ಮತ್ತೆ ಮತ್ತೆ ಮೂತ್ರಕ್ಕೆ ಹೋದರೆ, ಬಿಟ್ಟಿದ್ದ ಮಗು ಮತ್ತೆ ಹಾಸಿಗೆ ಒದ್ದೆ ಮಾಡಿದರೆ, ತಿಂದೂ ಸೊರಗಿದರೆ, ಆ ದಿನವೇ ಆಸ್ಪತ್ರೆಗೆ ಒಯ್ದು ರಕ್ತದ ಸಕ್ಕರೆ ನೋಡಿಸಿ. ಬೆರಳ ತುದಿಯ ಒಂದು ಹನಿ ಸಾಕು.