ಹಿಂಗಾರಿನ ಮಳೆಯೂ ನಮ್ಮ ಕಾಯಿಪಲ್ಯದ ಮಡಿಯೂ
(ಚೆನ್ನೈಯ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದ ನಮ್ಮವರಲ್ಲಿ ಹಲವರು ಮನೆಯ ಹಿತ್ತಿಲಲ್ಲಿ, ಇಲ್ಲವೇ ಕ್ವಾರ್ಟರ್ಸಿನ ಬಯಲಲ್ಲಿ ಹತ್ತು ಮನೆಯವರೊಡನೆ ಪಾಲು ಹಂಚಿಕೊಂಡು, ನಾಲ್ಕು ಮಡಿ ಕಾಯಿಪಲ್ಯ ಬೆಳೆಯುತ್ತಾರೆ. ಮಳೆಯ ವಾರಗಳಲ್ಲಿ ಪೇಟೆಯಲ್ಲಿ ಸೊಪ್ಪಿನ ಬೆಲೆ ಏರುತ್ತದೆ. ಸಂಬಳದ ದಿನ ಇನ್ನೂ ದೂರವಿರುವಾಗ ಮಡಿಯ ಒಂದು ಹಿಡಿ ಸೊಪ್ಪು ಸಂಸಾರಕ್ಕೆ ಎಷ್ಟು ಆಸರೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಆದರೆ ಮಡಿ ಹಾಳಾಗುವುದೂ ಅದೇ ವಾರಗಳಲ್ಲಿಯೇ. ಅದನ್ನು ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ಇಂದು ನಾಲ್ಕು ಮಾತು.

ಮೊದಲು ಕಾಲದ ಲೆಕ್ಕ. ನಮ್ಮೂರ ರೈತರಿಗೆ ಮಳೆಯೆಂದರೆ ಮೃಗಶಿರೆ, ಆರಿದ್ರೆ. ಇಲ್ಲಿಯ ದೊಡ್ಡ ಮಳೆ ಚಿತ್ತೆಯ ಕೊನೆಗೆ ಹಿಡಿದು ಸ್ವಾತಿ, ವಿಶಾಖೆಗಳಲ್ಲಿ ಸುರಿಯುತ್ತದೆ. ಈಶಾನ್ಯ ಮಾರುತ ಸಾಮಾನ್ಯವಾಗಿ ಅಕ್ಟೋಬರ್ 20ರ ಸುಮಾರಿಗೆ ಕಾಲಿಡುತ್ತದೆ. ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳಲ್ಲಿ. 'ಆಡಿಪ್ಪಟ್ಟಂ ತೇಡಿ ವಿದೈ' ಎಂದು ತಮಿಳು ರೈತರ ಗಾದೆ. ಆಡಿ ತಿಂಗಳ ಹದವನ್ನು ಹುಡುಕಿ ಬಿತ್ತು ಎಂದು ಅರ್ಥ. ಆಡಿಯೆಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಆಗ ಬಿತ್ತಿದ ಅವರೆ, ಹೀರೆ, ಪಡವಲಗಳು ದೊಡ್ಡ ಮಳೆ ಬರುವ ಹೊತ್ತಿಗೆ ಬೇರೂರಿ ಚಪ್ಪರ ಹತ್ತಿರುತ್ತವೆ. ಹಳೆಯ ತಳಿಯ ಅವರೆಯಂತೂ ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವಂಥದು.

ಗಿಡ ನೀರಿನಲ್ಲಿ ಸಾಯುವುದೇಕೆ? ಬೇರಿಗೂ ಉಸಿರು ಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿ ಇರುತ್ತದೆ. ನೀರು ತುಂಬಿದರೆ ಗಾಳಿ ಹೊರಬೀಳುತ್ತದೆ. ಭತ್ತಕ್ಕೆ ಕಾಂಡದೊಳಗಿಂದ ಬೇರಿಗೆ ಗಾಳಿ ಸಾಗಿಸುವ ದಾರಿಯುಂಟು. ಟೊಮೇಟೊ, ಮೆಣಸಿನ ಗಿಡಗಳಿಗೆ ಆ ಅನುಕೂಲವಿಲ್ಲ. ಎರಡು ದಿನ ನೀರು ನಿಂತರೆ ಬೇರು ಕೆಡತೊಡಗಿ, ನೀರಿನ ನಡುವೆಯೇ ಗಿಡ ಬಾಡುತ್ತದೆ. ಬಾಡಿದ್ದನ್ನು ಕಂಡು ಮತ್ತೆರಡು ಚೊಂಬು ನೀರೆರೆಯುವವರಿದ್ದಾರೆ. ಅದು ಮುಳುಗುವವನಿಗೆ ಕಲ್ಲು ಕಟ್ಟಿದಂತೆ.

ಆದ್ದರಿಂದ ಮುಖ್ಯವಾದ ಕೆಲಸ ಸೆಪ್ಟೆಂಬರ್‌ನಲ್ಲಿಯೇ ಮುಗಿಯಬೇಕು. ಮಡಿಯನ್ನು ನೆಲದಿಂದ ಒಂದು ಗೇಣು ಎತ್ತರಿಸಿರಿ. ಅಗಲ ನಾಲ್ಕು ಅಡಿ ಮೀರದಿರಲಿ; ಎರಡು ಬದಿಯಿಂದಲೂ ಕೈ ನಡುವಿಗೆ ಎಟುಕಿದರೆ ಮಡಿಯ ಮೇಲೆ ಕಾಲಿಡಬೇಕಾಗುವುದಿಲ್ಲ. ಒದ್ದೆ ಮಣ್ಣನ್ನು ತುಳಿದರೆ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಒಂದು ಹಿಡಿ ಮಣ್ಣನ್ನು ಅಮುಕಿ ನೋಡಿರಿ: ಬೆರಳು ತಾಗಿಸಿದರೆ ಉಂಡೆ ಉದುರಬೇಕು, ಅಂಟಿಕೊಂಡೇ ಇದ್ದರೆ ಅಂದು ಗುದ್ದಲಿ ಮುಟ್ಟಬೇಡಿರಿ. ಕಡಲಂಚಿನ ತಿರುವಾನ್ಮಿಯೂರಿನ ಕಡೆ ಮರಳು ನೆಲ. ನೀರು ಬೇಗ ಇಂಗುತ್ತದೆ, ಸಾರವೂ ಕೊಚ್ಚಿಹೋಗುತ್ತದೆ. ಒಳಗಿನ ಅನೇಕ ಬಡಾವಣೆಗಳಲ್ಲಿ ಜೇಡಿಮಣ್ಣು. ಸಾರ ನಿಲ್ಲುತ್ತದೆ, ನೀರೂ ನಿಲ್ಲುತ್ತದೆ. ಎರಡಕ್ಕೂ ಮದ್ದು ಒಂದೇ: ಚೆನ್ನಾಗಿ ಕಳಿತ ಗೊಬ್ಬರ. ಹಳೆಯ ಎಲೆಗಳು ಹಳದಿಯಾದರೆ ಸಾರಜನಕ ತೊಳೆದುಹೋಗಿರಬಹುದು. ಮಳೆ ಬಿಡುವು ಕೊಟ್ಟಾಗ ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿರಿ. ಒಂದೇ ಸಲಕ್ಕೆ ಸುರಿದರೆ ಮುಂದಿನ ಮಳೆಗೆ ಚರಂಡಿಯ ಪಾಲು.

ಬೆಳೆಯ ಆಯ್ಕೆಯಲ್ಲೂ ವಿವೇಕ ಬೇಕು. ತೇವಕ್ಕೆ ಅಂಜದವು ಬಸಳೆ, ಕೆಸು, ಮತ್ತು ಇಲ್ಲಿಯವರು ಪೊನ್ನಾಂಗಣ್ಣಿ ಎನ್ನುವ ನಮ್ಮ ಹೊನಗೊನೆ. ಬಸಳೆಗೂ ಹೊನಗೊನೆಗೂ ಬೀಜವೇ ಬೇಕಿಲ್ಲ. ಒಂದು ತುಂಡು ಕಾಂಡ ಚುಚ್ಚಿದರೆ ಸಾಕು. ಕೊತ್ತಂಬರಿ, ಮೂಲಂಗಿ, ನವಿಲುಕೋಸುಗಳನ್ನು ಡಿಸೆಂಬರ್ ಕೊನೆಯಲ್ಲಿ ಮಳೆ ಹಿಂದೆಗೆದ ಮೇಲೆ ಬಿತ್ತಿರಿ. ಸಸಿಮಡಿಯಲ್ಲಿ ಒತ್ತಾಗಿ ಬಿತ್ತಿದರೆ ಎಳೆಯ ಸಸಿಗಳು ಬುಡ ಕೊಳೆತು ಮಲಗುತ್ತವೆ. ತೆಳ್ಳಗೆ ಬಿತ್ತಿ ಗಾಳಿಯಾಡಲು ಬಿಡಿರಿ. ಬಸವನಹುಳುಗಳನ್ನು ರಾತ್ರಿ ಟಾರ್ಚು ಹಿಡಿದು ಆರಿಸಿ ಉಪ್ಪು ನೀರಿಗೆ ಹಾಕುವುದೇ ಸುಲಭೋಪಾಯ. ಕುಂಡದ ತಟ್ಟೆಯಲ್ಲಿ, ಡಬ್ಬಿಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿರಿ. ಡೆಂಗೆ ಹರಡುವ ಸೊಳ್ಳೆ ಹುಟ್ಟುವುದು ಅಂಥ ನೀರಿನಲ್ಲಿಯೇ.

2015ರ ಡಿಸೆಂಬರ್ 1ರ ರಾತ್ರಿ ಅಡಯಾರು ಹೊಳೆ ಉಕ್ಕಿ ಬಡಾವಣೆಗಳನ್ನು ಮುಳುಗಿಸಿದುದು ಅನೇಕರಿಗೆ ನೆನಪಿದ್ದೀತು. ಅಂಥ ನೆರೆಯಲ್ಲಿ ಚರಂಡಿಯ ನೀರೂ ಬೆರೆತಿರುತ್ತದೆ. ಅದು ಮುಟ್ಟಿದ ಸೊಪ್ಪನ್ನು ತೊಳೆದು ತಿನ್ನುವ ಆಸೆ ಬೇಡ, ಕಿತ್ತು ಎಸೆಯಿರಿ. ಎರಡು ಹಿಡಿ ಸೊಪ್ಪಿಗಿಂತ ಮಕ್ಕಳ ಹೊಟ್ಟೆ ದೊಡ್ಡದು.

ಕೊನೆಯದಾಗಿ, ಪಾಲಿನ ತೋಟದವರಿಗೆ ಒಂದು ಮಾತು. ನನ್ನ ಮಡಿಯ ನೀರನ್ನು ಹೊರಹಾಕಲು ನಾನು ತೋಡಿದ ಕಾಲುವೆ ಪಕ್ಕದವರ ಮಡಿಗೆ ಬಾಯಿ ತೆರೆದರೆ, ನನ್ನ ಮೆಣಸಿನ ಗಿಡ ಉಳಿದು ಅವರದು ಕೊಳೆಯುತ್ತದೆ. ಅವರು ಅಡ್ಡಗಟ್ಟೆ ಹಾಕಿದರೆ ನನ್ನದೂ ಹೋಯಿತು, ಮಾತೂ ಮುರಿಯಿತು. ನೀರಿಗೆ ಪಾಲಿನ ಗಡಿ ತಿಳಿಯದು. ಪಕ್ಕದ ಮಡಿಯವರು ತಮಿಳರಿರಬಹುದು, ತೆಲುಗರಿರಬಹುದು. ಭಾಷೆ ಪೂರ್ತಿ ಬಾರದಿದ್ದರೂ ನೀರು ಇಳಿಯುವ ದಿಕ್ಕನ್ನು ಬೆರಳಿನಿಂದ ತೋರಿಸಬಹುದು. ಮಳೆಗೆ ಮುಂಚೆ ಒಂದು ಭಾನುವಾರ ಎಲ್ಲರೂ ಸೇರಿ, ತಗ್ಗು ಎಲ್ಲಿದೆಯೆಂದು ನೋಡಿ, ಒಂದೇ ದೊಡ್ಡ ಕಾಲುವೆಯನ್ನು ಕೂಡಿ ತೋಡಿರಿ. ತಗ್ಗಿನ ಪಾಲು ಬಂದವರಿಗೆ ಎಲ್ಲರೂ ಎರಡೆರಡು ಬುಟ್ಟಿ ಮಣ್ಣು ಹೊತ್ತು ಕೊಡಿರಿ. ಪರಸ್ಥಳದಲ್ಲಿ ಬಾಳುವವರಿಗೆ ನೆರೆಹೊರೆಯೇ ಬಂಧುಬಳಗ. ಬೆಳೆ ಮುಂದಿನ ವರ್ಷವೂ ಬಂದೀತು, ಕೆಟ್ಟ ನೆರೆತನ ಮತ್ತೆ ಕೂಡುವುದು ಕಷ್ಟ.

ನಮ್ಮ ವಾಚನಾಲಯದ ಮೇಜಿನ ಮೇಲೆ ಒಂದು ಬೀಜದ ಡಬ್ಬಿ ಇಡೋಣವೆಂದು ನನ್ನ ಸೂಚನೆ. ಊರಿಗೆ ಹೋದವರು ಒಂದು ಹಿಡಿ ಅವರೆ ಬೀಜ ತಂದು ಹಾಕಲಿ. ಬೇಕಾದವರು ಒಯ್ಯಲಿ, ಬೆಳೆದ ಮೇಲೆ ಎರಡು ಹಿಡಿ ಹಿಂದಿರುಗಿಸಲಿ.