ರವಾಲ ನಡೆಯ ಕುದುರೆಗೆ ಓಟವನ್ನೂ ನೆಗೆತವನ್ನೂ ಕಲಿಸುವುದು



ಮದ್ದೂರಿನ ರೈಲು ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ರಸ್ತೆಯ ಮೇಲೆ ಮಳವಳ್ಳಿಯನ್ನು ಹಾದು, ಶಿವನಸಮುದ್ರದ ಜಲಪಾತವನ್ನು ನೋಡಲು ಪ್ರವಾಸಿಗರು ಹೋಗುತ್ತಿದ್ದ ಕಾಲವೊಂದಿತ್ತು. ಆ ಕಾಲದ ಊರುಗಳಲ್ಲಿ ಜಟಕಾ ಬಂಡಿಯ ಗಾಲಿಯ ಸದ್ದನ್ನೂ ಕುದುರೆಯ ಲಾಳದ ಸದ್ದನ್ನೂ ಕೇಳದೆ ಬೆಳೆದವರು ವಿರಳ. ಜಟಕಾಕ್ಕೆ ಕಟ್ಟುತ್ತಿದ್ದ ತಟ್ಟುಗಳಲ್ಲಿ ಅಲ್ಲೊಂದು ಇಲ್ಲೊಂದು ಕುದುರೆಗೆ ರವಾಲ ನಡೆ ಹುಟ್ಟಿನಿಂದಲೇ ಬಂದಿರುತ್ತಿತ್ತು. ಬೆನ್ನು ಕುಲುಕದೆ, ಸವಾರನನ್ನು ಎತ್ತಿಹಾಕದೆ, ನೀರಿನ ಮೇಲೆ ದೋಣಿ ಹೋಗುವಂತೆ ಹೋಗುವ ನಡೆ ಅದು. ಮಾರವಾಡ, ಕಾಠಿಯಾವಾಡಗಳ ಕುದುರೆಗಳು ಈ ನಡೆಗೆ ಹೆಸರಾದುವು. ತುಂಬಿದ ಚೊಂಬನ್ನು ಹಿಡಿದು ಕುಳಿತರೂ ನೀರು ತುಳುಕದು ಎಂದು ಅದನ್ನು ಹೊಗಳುವವರು ಹೇಳುವುದುಂಟು.

ಇಂತಹ ಕುದುರೆಗೆ ಕ್ಯಾಂಟರ್ ಎಂಬ ಓಟವನ್ನೂ, ಅದರ ಮೇಲೆ ನೆಗೆತವನ್ನೂ ಕಲಿಸಬಹುದೆ? ಕಲಿಸಿದರೆ ಅದರ ಹುಟ್ಟುನಡೆ ಕೆಡುವುದಿಲ್ಲವೆ? ಇದು ಈ ದಿನದ ನಮ್ಮ ಭಾಷಣದ ವಿಷಯ. ಕುದುರೆಯನ್ನು ಸಾಕದವರಿಗೆ ಇದರಿಂದ ಏನು ಪ್ರಯೋಜನವೆಂದು ತಾವು ಕೇಳಬಹುದು. ಕಲಿಸುವ ಕೆಲಸ ಯಾರ ಪಾಲಿಗೆ ಬಂದಿದೆಯೋ ಅವರೆಲ್ಲರಿಗೂ ಇದರಲ್ಲಿ ಸ್ವಲ್ಪ ಸಂಬಂಧವುಂಟೆಂದು ನಾವು ನಂಬಿದ್ದೇವೆ.

ಕುದುರೆಯ ವಿದ್ಯೆ ಈ ಸೀಮೆಗೆ ಹೊಸದಲ್ಲ. ಮದ್ದೂರಿನಿಂದ ಉತ್ತರದ ರಸ್ತೆಯನ್ನು ಹಿಡಿದರೆ ಕುಣಿಗಲ್ಲು ಸಿಕ್ಕುತ್ತದೆ. ಟಿಪ್ಪು ಸುಲ್ತಾನನ ಕಾಲದಿಂದ ಅಲ್ಲಿಯ ಕುದುರೆಯ ಫಾರಮ್ಮು ಪ್ರಸಿದ್ಧವಾಗಿದೆ. ದಕ್ಷಿಣದ ರಸ್ತೆಯನ್ನು ಹಿಡಿದರೆ ಮಳವಳ್ಳಿ. ಅಲ್ಲಿ 1799ನೆಯ ಇಸವಿ ಮಾರ್ಚಿ 27ರಂದು ಟಿಪ್ಪುವಿನ ಸೇನೆಗೂ ಜನರಲ್ ಹ್ಯಾರಿಸನ ಸೇನೆಗೂ ಯುದ್ಧ ನಡೆದು, ಮೈಸೂರಿನ ರಾವುತರು ಶತ್ರುವಿನ ಕಾಲಾಳುಗಳ ಮೇಲೆ ಏರಿಹೋದರು. 1918ನೆಯ ಸೆಪ್ಟೆಂಬರ್ 23ರಂದು ದೂರದ ಹೈಫಾ ಪಟ್ಟಣವನ್ನು ಜೋಧಪುರದ ರಾವುತರೊಡನೆ ಹಿಡಿದವರು ಮೈಸೂರು ಲ್ಯಾನ್ಸರ್ಸ್ ದಳದವರು. ಇನ್ನೂ ಹಿಂದಕ್ಕೆ ಹೋದರೆ, ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಕಂಡು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನಿಗೇ ಒಂದು ಅಧ್ಯಾಯವಿದೆ. ಸವಾರಿಯ ಕುದುರೆ ಕಲಿಯಬೇಕಾದ ಗತಿಗಳಲ್ಲಿ ಲಂಘನವೂ ಒಂದೆಂದು ಅಲ್ಲಿ ಎಣಿಸಿ, ಕಪಿಯಂತೆ ನೆಗೆಯುವುದು, ಕಪ್ಪೆಯಂತೆ ನೆಗೆಯುವುದು ಎಂದು ಅದರ ಒಳಭೇದಗಳನ್ನೂ ಹೇಳಿದೆ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಕುದುರೆಯ ಐದು ಧಾರೆಗಳ ಹೆಸರುಗಳು ನೆನಪಿರಬಹುದು. ಹೀಗೆ ಕುದುರೆಯ ಹೆಜ್ಜೆಯನ್ನು ಎಣಿಸಿ ವಿಂಗಡಿಸುವ ಅಭ್ಯಾಸ ನಮ್ಮಲ್ಲಿ ಪ್ರಾಚೀನವಾದುದು.

ಈಗ ಆ ಎಣಿಕೆಯನ್ನು ನಾವೂ ಸ್ವಲ್ಪ ಮಾಡೋಣ. ಎದುರಿಗಿರುವ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಕುದುರೆ ಸಾವಕಾಶವಾಗಿ ನಡೆಯುವಾಗ ನಾಲ್ಕು ಕಾಲುಗಳೂ ಒಂದಾದಮೇಲೊಂದು ಬೀಳುತ್ತವೆ. ತ–ಕ–ಧಿ–ಮಿ, ನಾಲ್ಕು ಪೆಟ್ಟು. ಇಂಗ್ಲಿಷರು ಟ್ರಾಟ್ ಎನ್ನುವ ಕುಕ್ಕುಲೋಟದಲ್ಲಿ ಎಡದ ಮುಂಗಾಲೂ ಬಲದ ಹಿಂಗಾಲೂ ಒಂದು ಜೊತೆಯಾಗಿ, ಉಳಿದೆರಡು ಇನ್ನೊಂದು ಜೊತೆಯಾಗಿ ಬೀಳುತ್ತವೆ, ಎರಡೇ ಪೆಟ್ಟು. ರವಾಲದಲ್ಲಿ ಮತ್ತೆ ನಾಲ್ಕು ಪೆಟ್ಟು. ಆದರೆ ಬಲದ ಹಿಂಗಾಲಿನ ಬೆನ್ನಿಗೇ ಬಲದ ಮುಂಗಾಲು, ಎಡದ ಹಿಂಗಾಲಿನ ಬೆನ್ನಿಗೇ ಎಡದ ಮುಂಗಾಲು, ಹೀಗೆ ಒಂದೊಂದು ಪಕ್ಕವೂ ಒಟ್ಟೊಟ್ಟಿಗೆ ಸಾಗುತ್ತದೆ. ಯಾವ ಕ್ಷಣದಲ್ಲಿಯೂ ಯಾವುದಾದರೊಂದು ಕಾಲು ನೆಲದ ಮೇಲಿದ್ದೇ ಇರುವುದರಿಂದ ಸವಾರನಿಗೆ ಕುಲುಕಾಟವಿಲ್ಲ.

ಕ್ಯಾಂಟರಿನ ಲಯವೇ ಬೇರೆ. ಮೊದಲು ಒಂದು ಹಿಂಗಾಲು. ಬಳಿಕ ಇನ್ನೊಂದು ಹಿಂಗಾಲೂ ಅದಕ್ಕೆ ಮೂಲೆಯಾಗಿರುವ ಮುಂಗಾಲೂ ಒಟ್ಟಿಗೆ. ಕೊನೆಗೆ ಉಳಿದ ಮುಂಗಾಲು. ಆಮೇಲೆ ನಾಲ್ಕು ಕಾಲೂ ನೆಲಬಿಟ್ಟ ಒಂದು ಕ್ಷಣದ ಮೌನ. ತ–ಕಿ–ಟ, ನಿಶ್ಶಬ್ದ, ತ–ಕಿ–ಟ, ನಿಶ್ಶಬ್ದ. ಕ್ಯಾಂಟರ್ಬರಿಯ ಯಾತ್ರಿಕರು ತಮ್ಮ ಕುದುರೆಗಳನ್ನು ಈ ಹದವಾದ ಓಟದಲ್ಲಿ ನಡಸುತ್ತಿದ್ದುದರಿಂದ ಇದಕ್ಕೆ ಕ್ಯಾಂಟರ್ ಎಂಬ ಹೆಸರು ಬಂದಿತೆಂದು ಹೇಳುತ್ತಾರೆ. ನೆಗೆತವು ಹುಟ್ಟುವುದು ಆ ನಿಶ್ಶಬ್ದ ಕ್ಷಣದಿಂದ. ಮೌನವನ್ನು ಹಿಗ್ಗಿಸಿದರೆ ಅದೇ ನೆಗೆತ. ಆದುದರಿಂದಲೇ ಕ್ಯಾಂಟರು ಬಾರದ ಕುದುರೆಗೆ ನೆಗೆತವನ್ನು ಕಲಿಸಹೋಗುವುದು, ಸ್ವರ ನಿಲ್ಲದ ಬಾಲಕನಿಗೆ ರಾಗಾಲಾಪನೆಯನ್ನು ಹೇಳಿಕೊಟ್ಟಂತೆ.

ರವಾಲದ ಕುದುರೆಗೆ ಇದು ಏಕೆ ಕಷ್ಟವೆಂಬುದು ಈಗ ಸ್ಪಷ್ಟವಾಯಿತಷ್ಟೆ. ಕ್ಯಾಂಟರಿಗೆ ಮೂಲೆಯ ಜೋಡಿ ಬೇಕು. ಇದಕ್ಕೆ ಬರುವುದು ಪಕ್ಕದ ಜೋಡಿ. 2012ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಮುಂದಾಗಿ ನಡಸಿದ ಒಂದು ಸಂಶೋಧನೆ ಐಸ್‌ಲೆಂಡಿನ ಕುದುರೆಗಳನ್ನು ಪರೀಕ್ಷಿಸಿ, ಡಿಎಂಆರ್‌ಟಿ3 ಎಂಬ ವಂಶವಾಹಿಯೊಂದರ ಮಾರ್ಪಾಟಿಗೂ ಇಂತಹ ನಡೆಗಳಿಗೂ ಸಂಬಂಧವಿದೆಯೆಂದು ತೋರಿಸಿತು. ಬೆನ್ನುಹುರಿಯಲ್ಲಿ ಕಾಲುಗಳ ಚಲನೆಯನ್ನು ಹೊಂದಿಸುವ ನರಗಳ ಮೇಲೆ ಅದರ ಪ್ರಭಾವವುಂಟು. ಆ ಮಾರ್ಪಾಟುಳ್ಳ ಕುದುರೆ ವೇಗ ಹೆಚ್ಚಿದರೂ ಕ್ಯಾಂಟರಿಗೆ ಸುಲಭವಾಗಿ ಬದಲಾಗದು. ಗಾಡಿಯ ಪಂದ್ಯಗಳಲ್ಲಿ ಈ ಗುಣವೇ ಲಾಭಕರ. ಎಲ್ಲ ರವಾಲದ ಕುದುರೆಗಳಿಗೂ ಇದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಕುದುರೆ ಓಡದಿರುವುದನ್ನು ಮೊಂಡುತನವೆಂದು ಎಣಿಸಿ ಚಾವಟಿಯನ್ನೆತ್ತುವವನು ಈ ಮಾತನ್ನು ಒಮ್ಮೆ ಆಲೋಚಿಸಬೇಕು.

ಚಾವಟಿಯನ್ನೆತ್ತಿದವರಲ್ಲಿ ನಾವೂ ಸೇರಿದವರೆಂಬುದನ್ನು ಇಲ್ಲಿ ಮರೆಮಾಚಲಾಗದು. ಕೆಲವು ವರ್ಷಗಳ ಹಿಂದೆ ಮಂಡ್ಯದ ವೃದ್ಧ ಜಟಕಾದವರೊಬ್ಬರು ಬಂಡಿಯ ಕಸುಬನ್ನು ಬಿಟ್ಟರು. ಆಟೋರಿಕ್ಷಾಗಳ ನಡುವೆ ಅವರಿಗೆ ದಿನದ ಹುರುಳಿಯ ಖರ್ಚೂ ಹುಟ್ಟುತ್ತಿರಲಿಲ್ಲ. ಅವರಲ್ಲಿ ಏಳು ವರ್ಷದ ಕಂದುಬಣ್ಣದ ಹೆಣ್ಣುಕುದುರೆಯೊಂದಿತ್ತು. ನಡೆ ಶುದ್ಧ ರವಾಲ. ಮಕ್ಕಳಿಗೆ ಸವಾರಿ ಕಲಿಸುವವರೊಬ್ಬರು ಅದನ್ನು ಕೊಳ್ಳಲು ಒಪ್ಪಿದರು. ಆದರೆ ಅದು ಕ್ಯಾಂಟರಿನಲ್ಲಿ ಓಡಬೇಕು, ಎರಡಡಿಯ ಗಳುವನ್ನು ದಾಟಬೇಕು ಎಂಬುದು ಅವರ ಷರತ್ತು. ಇಲ್ಲವಾದರೆ ಅದನ್ನು ಕೇಳುವವರು ಬೇರೆ ಯಾರೂ ಇರಲಿಲ್ಲ. ಕೆಲಸವಿಲ್ಲದ ಕುದುರೆಯ ಗತಿಯೇನೆಂಬುದು ಪೇಟೆಯ ಬೀದಿಯಲ್ಲಿ ಕಾಗದ ಮೇಯುವ ಮುದಿ ಕುದುರೆಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಆರು ತಿಂಗಳಲ್ಲಿ ಕಲಿಸಿಕೊಡುತ್ತೇವೆಂದು ನಾವು ಮಾತುಕೊಟ್ಟೆವು.

ಗಡುವಿನ ಭಯದಿಂದ ನಾವು ಆತುರಪಟ್ಟೆವು. ವೇಗ ಹೆಚ್ಚಿದರೆ ರವಾಲವು ತಾನಾಗಿ ಮುರಿದು ಕ್ಯಾಂಟರಾದೀತೆಂಬುದು ನಮ್ಮ ತರ್ಕ. ಮಳವಳ್ಳಿಯ ಕಡೆಯ ಕಾಲುವೆಯ ಏರಿಯ ಮೇಲೆ ಅದನ್ನು ಅಟ್ಟಿದೆವು. ಅದು ವೇಗವಾಗಿ, ಇನ್ನೂ ವೇಗವಾಗಿ ರವಾಲದಲ್ಲಿಯೇ ಓಡಿತು. ಕತ್ತನ್ನೆತ್ತಿತು, ಬಾಯಿ ತೆರೆಯಿತು, ಬೆನ್ನು ಹಲಗೆಯಂತೆ ಬಿಗಿಯಿತು. ಕೊನೆಗೆ ಮುಂಗಾಲುಗಳು ಒಂದು ಓಟದಲ್ಲಿ, ಹಿಂಗಾಲುಗಳು ಮತ್ತೊಂದು ಓಟದಲ್ಲಿ ಸಿಕ್ಕಿ ತೊಡರಿ, ಕುದುರೆಯೂ ನಾವೂ ಒಟ್ಟಿಗೆ ಬಿದ್ದೆವು. ನಮಗೆ ತರಚಿತು. ಕುದುರೆಯ ಮೊಣಕಾಲು ಎರಡೂ ಕಿತ್ತು ರಕ್ತ ಬಂದಿತು. ಅದು ವಾಸಿಯಾಗಲು ಏಳು ವಾರ ಹಿಡಿಯಿತು. ಬಾಯಿಯ ಭಯ ಹೋಗಲು ಇನ್ನೂ ಹೆಚ್ಚು ದಿನ ಬೇಕಾಯಿತು.

ಜಟಕಾದ ವೃದ್ಧರು ಬಂದು ನೋಡಿದರು, ಬಯ್ಯಲಿಲ್ಲ. ಮೊಣಕಾಲಿಗೆ ಮದ್ದು ಹಚ್ಚುತ್ತ, “ಸ್ವಾಮಿ, ಜೋರಾಗಿ ಓಡೋದು ನಾನೇ ಕಲಿಸಿದ್ದೆ. ಅದನ್ನೇ ಮತ್ತೆ ಕೇಳಿದ್ರಿ, ಅದು ಅದನ್ನೇ ಮಾಡ್ತು” ಎಂದರು. ನಮ್ಮ ತಪ್ಪು ಯಾವುದೆಂಬುದು ಆ ಮಾತಿನಿಂದ ನಮಗೆ ತಿಳಿಯಿತು. ಕುದುರೆ ನಮ್ಮ ಆಜ್ಞೆಯನ್ನು ಮೀರಿರಲಿಲ್ಲ. ನಾವು ಹೊಸದನ್ನು ಕೇಳುತ್ತಿದ್ದೇವೆಂಬುದೇ ಅದಕ್ಕೆ ಗೊತ್ತಿರಲಿಲ್ಲ.

ಎರಡನೆಯ ಸಲ ನಾವು ಹಿಡಿದ ಕ್ರಮವನ್ನು ಸಂಗ್ರಹವಾಗಿ ಹೇಳುತ್ತೇವೆ.

ಮೊದಲನೆಯದು, ನೆಲದ ಆಯ್ಕೆ. ಮಂಡ್ಯದ ಸುತ್ತ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆಯೆಲ್ಲ ಕಬ್ಬು, ಭತ್ತ. ಕಬ್ಬು ಕಡಿದ ಗದ್ದೆಯ ಕೂಳೆ ಕುದುರೆಯ ಕಾಲಿಗೆ ಈಟಿಯಿದ್ದಂತೆ. ಒಣಗಿ ಬಿರುಕುಬಿಟ್ಟ ಭತ್ತದ ಗದ್ದೆಯಲ್ಲಿ ಕಾಲು ಸಿಕ್ಕಿ ಉಳುಕುವುದುಂಟು. ಟಾರು ರಸ್ತೆ ಕೀಲುಗಳನ್ನು ಸವೆಯಿಸುತ್ತದೆ. ರಾಗಿ ಕೊಯ್ದು ಹದವಾಗಿ ಉತ್ತ ಕೆಂಪುನೆಲ ಎಲ್ಲಕ್ಕಿಂತ ಉತ್ತಮ. ಮದ್ದೂರಿನ ಬಳಿ ಅಂತಹ ಹೊಲವೊಂದು, ಸ್ವಲ್ಪ ಇಳಿಜಾರಿನದು, ನಮಗೆ ದೊರೆಯಿತು.

ಎರಡನೆಯದು, ನಿಧಾನ. ಮೊದಲ ತಿಂಗಳು ಓಟವೇ ಇಲ್ಲ. ನಡೆಯುವುದು, ನಿಲ್ಲುವುದು, ಎರಡು ಪಕ್ಕಕ್ಕೂ ಬಾಗಿ ದೊಡ್ಡ ಸುತ್ತು ತಿರುಗುವುದು. ಬಿಗಿದ ಬೆನ್ನು ಪಕ್ಕದ ಜೋಡಿಯನ್ನು ಇನ್ನೂ ಬಿಗಿಯಾಗಿ ಬೆಸೆಯುತ್ತದೆ. ಬೆನ್ನು ಸಡಿಲವಾದರೆ ಆ ಬೆಸುಗೆಯೂ ಸಡಿಲುತ್ತದೆ. ಕುದುರೆ ಕತ್ತನ್ನು ಇಳಿಸಿ ಮೂಗಿನಿಂದ ನಿಡಿದಾಗಿ ಉಸಿರುಬಿಟ್ಟರೆ ಪಾಠ ಸಾಗುತ್ತಿದೆಯೆಂದು ತಿಳಿಯಬೇಕು.

ಮೂರನೆಯದು, ನೆಲದ ಮೇಲಿನ ಗಳುಗಳು. ನಾಲ್ಕಾರು ಗಳುಗಳನ್ನು ಸುಮಾರು ನಾಲ್ಕಡಿಗೊಂದರಂತೆ, ಉರುಳದಂತೆ ಮಣ್ಣು ಒತ್ತಿ, ಇಡಬೇಕು. ಅವುಗಳ ಮೇಲೆ ಹಾಯುವಾಗ ಕುದುರೆ ಕಾಲನ್ನು ಎತ್ತಿ ಇಡಲೇಬೇಕಾಗುವುದರಿಂದ ಪಕ್ಕದ ಜೋಡಿ ಒಡೆದು ಮೂಲೆಯ ಜೋಡಿ ತಲೆದೋರುತ್ತದೆ. ನಮ್ಮ ಕುದುರೆ ಕುಕ್ಕುಲೋಟದ ಎರಡು ಪೆಟ್ಟನ್ನು ಮೊಟ್ಟಮೊದಲು ಹಾಕಿದ್ದು ಇಂತಹ ಗಳುಗಳ ಮೇಲೆಯೇ.

ನಾಲ್ಕನೆಯದು, ಏರು. ಇಳಿಜಾರನ್ನು ಹತ್ತುವಾಗ ಹಿಂಗಾಲುಗಳು ಹೊಟ್ಟೆಯಡಿಗೆ ಬಂದು ಮೈಯನ್ನು ತಳ್ಳಬೇಕಾಗುತ್ತದೆ. ಆಗ ಕ್ಯಾಂಟರು ರವಾಲಕ್ಕಿಂತ ಸುಲಭವೆಂದು ಕುದುರೆಗೇ ತೋರುತ್ತದೆ. ಏರಿನ ಬುಡದಲ್ಲಿ ಸುತ್ತಿನಿಂದ ಹೊರಬರುವಾಗ, ಹೊರಪಕ್ಕದ ಕಾಲನ್ನು ಸ್ವಲ್ಪ ಹಿಂದಕ್ಕೆ ಒತ್ತಿ, ಲಗಾಮನ್ನು ಸಡಿಲಿಸಿ, ಒಂದು ಮಾತಿನ ಸನ್ನೆ. ಮೂರು ಹೆಜ್ಜೆ ಬಂದರೆ ಸಾಕು. ಒಡನೆ ನಿಲ್ಲಿಸಿ ಕತ್ತನ್ನು ಸವರಿ ಇಳಿಯಬೇಕು. ಈ ಕಡೆಯ ಮಾತು ಮುಖ್ಯ. ಸರಿಯಾಗಿ ಮಾಡಿದೊಡನೆ ಇನ್ನೊಮ್ಮೆ, ಮತ್ತೊಮ್ಮೆ ಎಂದು ಮಾಡಿಸಿದರೆ ಕುದುರೆಗೆ ತನ್ನ ಉತ್ತರ ತಪ್ಪೆಂಬ ಭಾವನೆ ಬರುತ್ತದೆ. ಮೂರು ಹೆಜ್ಜೆ ಹತ್ತಾಗಲು ಹದಿನೈದು ದಿನ ಹಿಡಿಯಿತು. ಸಮನೆಲದ ಮೇಲೆ ಒಂದು ಸುತ್ತು ಪೂರ್ತಿಯಾಗಲು ಮತ್ತೆರಡು ತಿಂಗಳು.

ಐದನೆಯದು, ನೆಗೆತ. ನೆಲದ ಮೇಲಿನ ಒಂದೇ ಗಳು ಮೊದಲು ಒಂದು ಗೇಣು ಏರಿತು. ಬಳಿಕ ಎರಡು ಗಳುಗಳು ನಡುವೆ ತಗ್ಗಾಗಿ ಹೆಣೆದುಕೊಂಡುವು. ತಗ್ಗಾದ ನಡುವೇ ದಾಟುವ ಸ್ಥಳವೆಂದು ಕುದುರೆ ತಾನೇ ಕಂಡುಕೊಂಡಿತು. ಇಲ್ಲಿ ಸವಾರನೇ ಹೆಚ್ಚು ಕಲಿಯಬೇಕು. ಹಿಂದಿನ ಕಾಲದ ಸವಾರರು ನೆಗೆತದಲ್ಲಿ ಹಿಂದಕ್ಕೆ ವಾಲಿ ಲಗಾಮನ್ನು ಜಗ್ಗುತ್ತಿದ್ದರು. ಇಟಲಿಯ ಕಪ್ರಿಲ್ಲಿ ಎಂಬ ದಳಪತಿ, 1868ರಲ್ಲಿ ಹುಟ್ಟಿ 1907ರಲ್ಲಿ ತೀರಿಕೊಂಡವನು, ಅದು ತಪ್ಪೆಂದು ತೋರಿಸಿ, ಸವಾರನು ರಿಕಾಪಿನ ಮೇಲೆ ಹಗುರವಾಗಿ ಮುಂದಕ್ಕೆ ಬಾಗಿ ಕುದುರೆಯ ಕತ್ತಿಗೆ ಸ್ವಾತಂತ್ರ್ಯ ಕೊಡಬೇಕೆಂದು ಕಲಿಸಿದನು. ಕುದುರೆಗೆ ಕತ್ತೇ ತಕ್ಕಡಿಯ ದಂಡ. ನೆಗೆತದಲ್ಲಿ ಬಾಯನ್ನು ಜಗ್ಗಿದ ಕೈ ಒಂದು ದಿನದಲ್ಲಿ ಮಾಡುವ ಕೇಡನ್ನು ಒಂದು ತಿಂಗಳ ಉಪಚಾರ ಅಳಿಸಲಾರದು. ವಾರಕ್ಕೆ ಎರಡು ದಿನ, ದಿನಕ್ಕೆ ಏಳೆಂಟು ನೆಗೆತಗಳಿಗೆ ನಾವು ಮೀರಲಿಲ್ಲ. ಇಳಿಯುವಾಗಿನ ಭಾರವೆಲ್ಲ ಮುಂಗಾಲುಗಳದು, ಆ ಮುಂಗಾಲುಗಳನ್ನು ನಾವು ಒಮ್ಮೆ ನೋಯಿಸಿದ್ದೆವು.

ಆರು ತಿಂಗಳ ಗಡುವು ಮೀರಿ ಹನ್ನೊಂದು ತಿಂಗಳಾಯಿತು. ಕೊಳ್ಳುವೆನೆಂದವರು ಕಾದದ್ದು ಅವರ ದೊಡ್ಡತನ. ಪರೀಕ್ಷೆಯ ದಿನ ಕುದುರೆ ಎರಡು ಪಕ್ಕಕ್ಕೂ ಕ್ಯಾಂಟರಿನಲ್ಲಿ ಸುತ್ತಿ ಬಂದಿತು. ಬಲಗಡೆಯ ಸುತ್ತಿನಲ್ಲಿ ಒಮ್ಮೆ ಲಯ ತಪ್ಪಿ ನಾಲ್ಕು ಪೆಟ್ಟಿಗಿಳಿಯಿತು, ಮತ್ತೆ ಸರಿಹೋಯಿತು. ಎರಡಡಿಯ ಗಳುವನ್ನು ದಾಟಿತು. ಎರಡೂವರೆ ಅಡಿಗೆ ಏರಿಸಿದಾಗ ಅದರ ಮುಂದೆ ನಿಂತು ನಮ್ಮತ್ತ ಕಿವಿ ತಿರುಗಿಸಿತು. ನಾವು ಒತ್ತಾಯಿಸಲಿಲ್ಲ, ಕೊಳ್ಳುವವರೂ ಬೇಡವೆಂದರು. ಬಳಿಕ ಜಟಕಾದ ವೃದ್ಧರು, ಜೀನಿಲ್ಲದೆ, ತಾವೇ ಏರಿ, ನಾಲಗೆಯಿಂದ ಹಳೆಯ ಸನ್ನೆಯನ್ನು ಮಾಡಿದರು. ಕುದುರೆ ರವಾಲದಲ್ಲಿ ಹೊಲವನ್ನು ಸುತ್ತಿಬಂದಿತು. ಅವರ ಭುಜ ಸಹ ಅಲುಗಲಿಲ್ಲ. ಇಳಿದಮೇಲೆ ಅವರು ಹಣವನ್ನು ಎಣಿಸಿಕೊಳ್ಳುವುದಕ್ಕೆ ಮೊದಲು ಅದರ ಮೊಣಕಾಲುಗಳ ಮೇಲೆ ಕೈಯಾಡಿಸಿ ನೋಡಿದರು.

ಹುಟ್ಟುನಡೆ ಕೆಡುವುದೆ ಎಂಬ ಪ್ರಶ್ನೆಗೆ ನಮಗೆ ದೊರೆತ ಉತ್ತರ ಇದು: ಎರಡು ನಡೆಗೆ ಎರಡು ಬೇರೆ ಸನ್ನೆಗಳಿದ್ದರೆ ಎರಡೂ ಉಳಿಯುತ್ತವೆ; ಸನ್ನೆಗಳು ಬೆರೆತರೆ ಎರಡೂ ಕೆಡುತ್ತವೆ. ಕೆಲವು ಕುದುರೆಗಳು ಎಷ್ಟು ಕಲಿಸಿದರೂ ಕ್ಯಾಂಟರಿಗೆ ಬರಲಾರವು. ಅವುಗಳನ್ನು ಅವುಗಳ ರವಾಲಕ್ಕೇ ಬಿಟ್ಟು, ಆ ನಡೆಯನ್ನು ಮೆಚ್ಚುವ ಸವಾರನನ್ನು ಹುಡುಕುವುದು ಒಳ್ಳೆಯದು. ಕಲಿಯಲಾರದೆಂದು ತಿಳಿದು ಬಿಡುವುದಕ್ಕೂ, ಕಲಿಸುವ ಮೊದಲೇ ಬಿಡುವುದಕ್ಕೂ ಇರುವ ಅಂತರವನ್ನು ಮಾತ್ರ ನಾವು ಮರೆಯಬಾರದು.