ಕರೆದರೆ ತಿರುಗದ ಮಗು

ಬಂಡಳ್ಳಿ ಎಂಬ ಊರಿನ ಒಂದು ಜಗಲಿಯನ್ನು ನೆನೆದುಕೊಳ್ಳಿ. ಮೂರು ವರ್ಷದ ಮಗು ಮುಸುಕಿನ ಜೋಳದ ಕಾಳುಗಳನ್ನು ಒಂದರ ಹಿಂದೊಂದು ಸಾಲಾಗಿ ಜೋಡಿಸುತ್ತಿದೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಬಸ್ಸಿನ ಹಾರನ್ ಕೇಳಿದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತದೆ. ‘ಅವರಪ್ಪನೂ ತಡವಾಗೇ ಮಾತಾಡಿದ್ದು, ಸುಮ್ಕಿರವ್ವ’ ಅನ್ನುತ್ತಾರೆ ಅಜ್ಜಿ.

ಆ ಮಾತಿನಲ್ಲಿ ಪ್ರೀತಿಯಿದೆ, ನಿಜ. ಆದರೆ ಕಾಯುತ್ತ ಕೂರುವಂತಿಲ್ಲ. ಮಾದಪ್ಪನಿಗೆ ಹರಕೆ ಹೊರಿ, ಜೊತೆಗೇ ಮೈಸೂರಿನ ಬಸ್ಸನ್ನೂ ಹತ್ತಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಗುವಿನ ಕಿವಿ ಪರೀಕ್ಷಿಸುತ್ತಾರೆ, ಮಾತು, ಆಟ, ನಡವಳಿಕೆ ನೋಡುತ್ತಾರೆ. ಮನೆಯಲ್ಲಿ ಕಲಿಸುವ ಬಗೆಯನ್ನು ತಾಯಂದಿರಿಗೇ ಹೇಳಿಕೊಡುತ್ತಾರೆ.

ಮಗುವಿಗೆ ಆಟಿಸಂ ಇದೆ ಎಂದು ಕೇಳಿದ ದಿನ ತಾಯಿಗೆ ಅಳು ಬಂದರೆ ಅಳಲಿ. ‘ಬಸುರಿಯಾಗಿದ್ದಾಗ ಗ್ರಹಣ ನೋಡಿದಳೇನೋ’ ಎಂದು ಮಾತ್ರ ಯಾರೂ ಅವಳ ತಲೆಗೆ ಕಟ್ಟಬೇಡಿ. ಆಟಿಸಂ ಎಂದರೆ ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ತಾಯಿಯ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ, ಬುದ್ಧಿಮಾಂದ್ಯ, ಕಲಿಕಾ ನ್ಯೂನತೆ ಮೂರೂ ಇವೆ. ಆಟಿಸಂ ಇರುವ ಮಗುವಿಗೆ ನಿರಾಮಯ ಎಂಬ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ನೆರವುಂಟು, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ.

ಇನ್ನು ಅಕ್ಕಪಕ್ಕದವರಿಗೆ ಒಂದು ಮಾತು. ಆ ತಾಯಿ ಮೈಸೂರಿಗೆ ಹೋದ ದಿನ ಕೂಲಿ ಹೋಗುತ್ತದೆ, ಹಸು ಹಸಿದಿರುತ್ತದೆ, ದೊಡ್ಡ ಮಗು ಶಾಲೆಯಿಂದ ಬಂದು ಬೀಗ ನೋಡುತ್ತದೆ. ‘ಪಾಪ’ ಎನ್ನುವ ಬದಲು ಹಸುವಿಗೆ ಮೇವು ಹಾಕಿ, ಆ ಮಗುವಿಗೆ ಊಟ ಬಡಿಸಿ.